ಓಖ್ಲಾದ ಮಕ್ಕಳ ಶಾಲೆ ಮತ್ತು ಡಾ. ಝಾಕಿರ್ ಹುಸೇನ್

ಡಾ. ಝಾಕಿರ್ ಹುಸೇನ್ ಯಾರು ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ತಡವಿಲ್ಲದೆ ಉತ್ತರ ಹೇಳುತ್ತಾರೆ. ಭಾರತದ ಮೂರನೆಯ ರಾಷ್ಟ್ರಪತಿ, ಆ ಪದವಿಗೇರಿದ ಮೊದಲ ಮುಸ್ಲಿಂ, ಭಾರತರತ್ನ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇರುವುದೂ ಇಷ್ಟೇ. ಆದರೆ ಅವರು ರಾಷ್ಟ್ರಪತಿ ಭವನದಲ್ಲಿ ಇದ್ದದ್ದು ಎರಡು ವರ್ಷಕ್ಕೂ ಸ್ವಲ್ಪ ಕಡಿಮೆ. ಜಾಮಿಯಾ ಮಿಲ್ಲಿಯಾದಲ್ಲಿ ಕಳೆದದ್ದು 22 ವರ್ಷ. ಆ 22 ವರ್ಷಗಳಲ್ಲಿ ಅವರ ಹೃದಯಕ್ಕೆ ಅತ್ಯಂತ ಹತ್ತಿರವಾಗಿದ್ದುದು ಕಾಲೇಜಲ್ಲ, ಆರೇಳು ವರ್ಷದ ಮಕ್ಕಳು ಓದುತ್ತಿದ್ದ ಪ್ರಾಥಮಿಕ ಶಾಲೆ. ಆದ್ದರಿಂದ ಅವರ ಜೀವನವನ್ನು ಆ ಶಾಲೆಯ ಕಡೆಯಿಂದ ನೋಡುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಝಾಕಿರ್ ಹುಸೇನ್‌ರವರು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಮನೆತನ ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯ ಕಾಯಂಗಂಜಿನ ಅಫ್ರೀದಿ ಪಠಾಣರದು. ತಂದೆ ಫಿದಾ ಹುಸೇನ್ ಖಾನ್ ಹೈದರಾಬಾದಿಗೆ ಬಂದು ವಕೀಲರಾಗಿ ಹೆಸರು ಮಾಡಿದ್ದರು. ಏಳು ಜನ ಗಂಡುಮಕ್ಕಳಲ್ಲಿ ಝಾಕಿರ್ ಮೂರನೆಯವರು. ಹತ್ತು ವರ್ಷ ತುಂಬುವಷ್ಟರಲ್ಲಿ, 1907ರಲ್ಲಿ, ತಂದೆ ತೀರಿಕೊಂಡರು. ತಾಯಿ ನಾಜನೀನ್ ಬೇಗಂ ಮಕ್ಕಳನ್ನು ಕಟ್ಟಿಕೊಂಡು ಕಾಯಂಗಂಜಿಗೆ ಹಿಂದಿರುಗಿದರು. 1911ರಲ್ಲಿ ಪ್ಲೇಗ್ ಬಂದು ಆ ತಾಯಿಯನ್ನೂ ಕರೆದೊಯ್ದಿತು. ಯತೀಮರಾದ ಈ ಮಕ್ಕಳಿಗೆ ಮನೆಯಂತಾದದ್ದು ಇಟಾವಾದ ಇಸ್ಲಾಮಿಯಾ ಹೈಸ್ಕೂಲು ಮತ್ತು ಅದರ ಹಾಸ್ಟೆಲು. ಅಲ್ಲಿಯ ಮುಖ್ಯೋಪಾಧ್ಯಾಯರಾಗಿದ್ದ ಸೈಯದ್ ಅಲ್ತಾಫ್ ಹುಸೇನ್‌ರವರನ್ನು ಝಾಕಿರ್ ಸಾಹೇಬರು ಕೊನೆಯವರೆಗೂ ನೆನೆಯುತ್ತಿದ್ದರು. ಒಬ್ಬ ಒಳ್ಳೆಯ ಮೇಷ್ಟರು ಅನಾಥ ಹುಡುಗನಿಗೆ ಏನಾಗಬಲ್ಲರು ಎಂಬುದನ್ನು ಅವರು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ಆ ದಿನಗಳದೇ ಒಂದು ಸಂಗತಿ. ತುರ್ಕಿಯ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ. ಬಾಲಕ ಝಾಕಿರ್ ದಿನಾಲೂ ರೈಲು ನಿಲ್ದಾಣಕ್ಕೆ ಹೋಗಿ ಪತ್ರಿಕೆ ತಂದು ಗೆಳೆಯರಿಗೆ ಓದಿ ಹೇಳುತ್ತಿದ್ದರಂತೆ. ಮಸೀದಿಯಲ್ಲಿ ಎದ್ದು ನಿಂತು ಮಾತನಾಡಿ, ಟೋಪಿ ಹಿಡಿದು ಚಂದಾ ಎತ್ತುತ್ತಿದ್ದರಂತೆ. ಮುಂದೆ ಜೀವನದ ಬಹುಭಾಗ ಚಂದಾ ಎತ್ತುವುದರಲ್ಲೇ ಕಳೆಯಬೇಕಾಗಿದೆ ಎಂದು ಆಗ ಅವರಿಗೆ ಹೇಗೆ ಗೊತ್ತಿರಬೇಕು!

ಇಟಾವಾದಿಂದ ಅಲೀಗಢಕ್ಕೆ. ಡಾಕ್ಟರಾಗಬೇಕೆಂದು ಲಕ್ನೋದಲ್ಲಿ ವಿಜ್ಞಾನಕ್ಕೆ ಸೇರಿದ್ದೂ ಉಂಟು, ಆದರೆ ಕಾಯಿಲೆಯಿಂದ ಅದು ನಿಂತುಹೋಯಿತು. 1918ರಲ್ಲಿ ಅಲೀಗಢದ ಎಂ.ಎ.ಓ. ಕಾಲೇಜಿನಲ್ಲಿ ಪದವಿ ಮುಗಿಸಿದರು. 1920ರ ಹೊತ್ತಿಗೆ ಮುಂದಿನ ಓದಿನ ಜೊತೆಗೆ ಅಲ್ಲಿಯೇ ಪಾಠ ಹೇಳುತ್ತಿದ್ದರು. ಮದುವೆಯೂ ಆಗಿತ್ತು. ಸರ್ಕಾರಿ ನೌಕರಿಯ ದಾರಿ ಕಣ್ಣ ಮುಂದೆ ತೆರೆದಿತ್ತು. ಆ ವರ್ಷದ ಅಕ್ಟೋಬರ್ 12ರಂದು ಗಾಂಧೀಜಿಯವರು ಅಲಿ ಸಹೋದರರೊಂದಿಗೆ ಅಲೀಗಢಕ್ಕೆ ಬಂದು, ಸರ್ಕಾರದ ನೆರವಿನಿಂದ ನಡೆಯುವ ಕಾಲೇಜನ್ನು ಬಿಡುವಂತೆ ವಿದ್ಯಾರ್ಥಿಗಳಿಗೆ ಕರೆ ಕೊಟ್ಟರು. ಹಲವು ವಿದ್ಯಾರ್ಥಿಗಳು ನಕ್ಕರು. ಝಾಕಿರ್ ಹುಸೇನ್‌ರವರಿಗೆ ಆ ನಗು ಚುಚ್ಚಿತು. ಅವರು ದೆಹಲಿಗೆ ಹೋಗಿ ಹಕೀಂ ಅಜ್ಮಲ್ ಖಾನ್, ಡಾ. ಅನ್ಸಾರಿ, ಮೌಲಾನಾ ಮುಹಮ್ಮದ್ ಅಲಿ ಮುಂತಾದವರನ್ನು ಕಂಡು, ಕಾಲೇಜು ಬಿಟ್ಟ ಹುಡುಗರಿಗೆ ಬೇರೊಂದು ವಿದ್ಯಾಸಂಸ್ಥೆ ಬೇಕೇಬೇಕೆಂದು ಒತ್ತಾಯಿಸಿದರು. ಬಿಡಿ ಎನ್ನುವುದು ಸುಲಭ, ಬಿಟ್ಟವರು ಎಲ್ಲಿಗೆ ಹೋಗಬೇಕು ಎಂಬುದು ಆ ಯುವಕನ ಪ್ರಶ್ನೆಯಾಗಿತ್ತು. 1920ರ ಅಕ್ಟೋಬರ್ 29ರಂದು ಶೈಖುಲ್ ಹಿಂದ್ ಮೌಲಾನಾ ಮಹ್ಮೂದ್ ಹಸನ್‌ರವರ ಹಸ್ತದಿಂದ ಅಲೀಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆರಂಭವಾಯಿತು.

1922ರಲ್ಲಿ ಝಾಕಿರ್ ಹುಸೇನ್‌ರವರು ಜರ್ಮನಿಗೆ ತೆರಳಿದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಗಾಲಿಬ್‌ನ ದೀವಾನನ್ನು ಅಲ್ಲಿಯೇ ಕಾವಿಯಾನಿ ಮುದ್ರಣಾಲಯದಲ್ಲಿ ಅಂದವಾಗಿ ಅಚ್ಚು ಹಾಕಿಸಿದರು. ಆದರೆ ನಮಗೆ ಮುಖ್ಯವಾದದ್ದು ಬೇರೆ. ಅರ್ಥಶಾಸ್ತ್ರ ಓದಲು ಹೋದವರು ಜರ್ಮನಿಯ ಶಾಲೆಗಳನ್ನು ನೋಡುತ್ತಾ ನಿಂತರು. ಕೆಲಸದ ಮೂಲಕ ಕಲಿಕೆ ಎಂದು ಹೇಳುತ್ತಿದ್ದ ಕೆರ್ಶನ್‌ಸ್ಟೈನರ್‌ನ ವಿಚಾರಗಳು ಅವರನ್ನು ಬಹಳ ಸೆಳೆದವು. ಮಗು ಕಿವಿಯಿಂದ ಮಾತ್ರವಲ್ಲ, ಕೈಯಿಂದಲೂ ಕಲಿಯುತ್ತದೆ, ತಾನು ಕೈಯಾರೆ ಮಾಡಿದ ಕೆಲಸದ ತಪ್ಪುಒಪ್ಪನ್ನು ತಾನೇ ಪರೀಕ್ಷಿಸಿಕೊಂಡಾಗ ಅದರ ಚಾರಿತ್ರ್ಯ ರೂಪುಗೊಳ್ಳುತ್ತದೆ ಎಂಬುದು ಆ ವಿಚಾರದ ತಿರುಳು.

ಇತ್ತ ಜಾಮಿಯಾದ ಸ್ಥಿತಿ ಚಿಂತಾಜನಕವಾಗಿತ್ತು. 1924ರಲ್ಲಿ ತುರ್ಕಿಯಲ್ಲೇ ಖಿಲಾಫತ್ ರದ್ದಾಯಿತು, ಖಿಲಾಫತ್ ಸಮಿತಿಯ ಹಣವೂ ನಿಂತಿತು. ಸಂಸ್ಥೆಯನ್ನು ಮುಚ್ಚುವುದೇ ಲೇಸೆಂಬ ಮಾತು ಕೇಳಿಬಂತು. ಬರ್ಲಿನ್ನಿನಲ್ಲಿದ್ದ ಝಾಕಿರ್ ಹುಸೇನ್, ಆಬಿದ್ ಹುಸೇನ್, ಮುಹಮ್ಮದ್ ಮುಜೀಬ್ ಈ ಮೂವರೂ ತಾವು ಬಂದು ಜಾಮಿಯಾಕ್ಕಾಗಿ ಜೀವನ ಮುಡಿಪಿಡಲು ಸಿದ್ಧ, ಅಲ್ಲಿಯವರೆಗೆ ಮುಚ್ಚಬಾರದು ಎಂದು ತಿಳಿಸಿದರು. ಗಾಂಧೀಜಿಯವರು ಭಿಕ್ಷೆ ಬೇಡಿಯಾದರೂ ಹಣ ತರುವ ಭರವಸೆ ಕೊಟ್ಟರು. ಹಕೀಂ ಸಾಹೇಬರು 1925ರಲ್ಲಿ ಸಂಸ್ಥೆಯನ್ನು ಅಲೀಗಢದಿಂದ ದೆಹಲಿಯ ಕರೋಲ್‌ಬಾಗಿಗೆ ತಂದು ತಮ್ಮ ಕಿಸೆಯಿಂದಲೇ ನಡೆಸತೊಡಗಿದರು. 1926ರಲ್ಲಿ ಹಿಂದಿರುಗಿದ ಝಾಕಿರ್ ಹುಸೇನ್‌ರವರು ಶೈಖುಲ್ ಜಾಮಿಯಾ, ಅಂದರೆ ಕುಲಪತಿ, ಆದರು. ವಯಸ್ಸು 29.

ಕುಲಪತಿ ಎಂಬ ಶಬ್ದ ಕೇಳಿ ಇಂದಿನ ಕಾರು, ಬಂಗಲೆ ಯಾರೂ ಊಹಿಸಿಕೊಳ್ಳಬಾರದು. 1927ರ ಡಿಸೆಂಬರ್ ಕೊನೆಯಲ್ಲಿ ಹಕೀಂ ಸಾಹೇಬರು ನಿಧನರಾದಾಗ ಇದ್ದ ಒಂದು ಆಸರೆಯೂ ಹೋಯಿತು. ಬಾಡಿಗೆ ಕಟ್ಟಡಗಳು, ತಲೆಯ ಮೇಲೆ ಸಾಲ, ಸರ್ಕಾರದ ಮಾನ್ಯತೆ ಇಲ್ಲದ ಪದವಿಗಳು. ಈ ಪರಿಸ್ಥಿತಿಯಲ್ಲಿ 1928ರಲ್ಲಿ ಅಂಜುಮನ್ ತಾಲೀಮೆ ಮಿಲ್ಲಿ ಎಂಬ ಸಂಘ ಕಟ್ಟಿಕೊಂಡು 11 ಜನ ಪ್ರತಿಜ್ಞೆ ಮಾಡಿದರು. 20 ವರ್ಷ ಜಾಮಿಯಾದಲ್ಲೇ ಸೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವಂತಿಲ್ಲ. ಆ 150 ಎಂಬುದು ಮೇಲಿನ ಮಿತಿ ಅಷ್ಟೇ. ಕೈಗೆ ಬರುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಿಮೆ, ಅದೂ ಎಷ್ಟೋ ತಿಂಗಳು ತಡವಾಗಿ. ಯುರೋಪಿನಲ್ಲಿ ಓದಿ ಬಂದವರು ಅವರು. ಬೇರೆಡೆ ಎಷ್ಟು ಸಂಬಳಕ್ಕಾದರೂ ಹೋಗಬಹುದಿತ್ತು. ಹಮ್ದರ್ದಾನೆ ಜಾಮಿಯಾ ಎಂಬ ಹೆಸರಿನಲ್ಲಿ ಊರೂರಿನ ಸಾಧಾರಣ ಜನರಿಂದ ಸಣ್ಣ ಸಣ್ಣ ಮೊತ್ತವನ್ನು ಕ್ರಮವಾಗಿ ಪಡೆಯುವ ಏರ್ಪಾಡು ಮಾಡಲಾಯಿತು. ಒಬ್ಬ ನವಾಬರ ದೊಡ್ಡ ಕೊಡುಗೆಗಿಂತ ನೂರು ಜನ ಗುಮಾಸ್ತರ, ವ್ಯಾಪಾರಿಗಳ ಚಿಕ್ಕ ಚಂದಾ ಸಂಸ್ಥೆಯನ್ನು ಹೆಚ್ಚು ಭದ್ರವಾಗಿ ಹಿಡಿಯುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿರುವ ನಮ್ಮ ಸಂಘದ ಸದಸ್ಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಪ್ರಾಥಮಿಕ ಶಾಲೆಗೆ ಬರೋಣ. ಹಣವಿಲ್ಲದ ಸಂಸ್ಥೆ ಸಾಮಾನ್ಯವಾಗಿ ಮೊದಲು ಕತ್ತರಿ ಹಾಕುವುದು ಚಿಕ್ಕ ಮಕ್ಕಳ ವಿಭಾಗಕ್ಕೆ. ಝಾಕಿರ್ ಸಾಹೇಬರು ಅದಕ್ಕೆ ತದ್ವಿರುದ್ಧವಾಗಿ ನಡೆದರು. ಕಾಲೇಜಿನ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ, ಮದ್ರಸೆ ಇಬ್ತಿದಾಯಿ ಮಾತ್ರ ದೇಶಕ್ಕೇ ಮಾದರಿಯಾಗಬೇಕು ಎಂದು ಅವರು ಹಟ ಹಿಡಿದರು. ಅಬ್ದುಲ್ ಗಫ್ಫಾರ್ ಮಧೋಲಿ ಎಂಬ ಶಿಕ್ಷಕರು ಪಂಜಾಬಿನ ಮೋಗಾದಲ್ಲಿ ಪ್ರಾಜೆಕ್ಟ್ ಪದ್ಧತಿಯ ತರಬೇತಿ ಪಡೆದು ಬಂದಿದ್ದರು. ಮೋಗಾದ ಆ ತರಬೇತಿ ಶಾಲೆ ಕ್ರೈಸ್ತ ಮಿಷನರಿಗಳದು. ಒಳ್ಳೆಯ ವಿದ್ಯೆ ಎಲ್ಲಿದ್ದರೂ ಹೋಗಿ ಕಲಿತು ಬರಲು ಜಾಮಿಯಾದವರಿಗೆ ಸಂಕೋಚವಿರಲಿಲ್ಲ ಎಂಬುದನ್ನು ಗಮನಿಸಬೇಕು. ಮಧೋಲಿಯವರ ಕೈಯಲ್ಲಿ ಶಾಲೆಗೆ ಜೀವ ಬಂತು. ಮಕ್ಕಳೇ ನಡೆಸುವ ಬ್ಯಾಂಕು, ಮಕ್ಕಳದೇ ಅಂಗಡಿ, ತೋಟ, ಕೋಳಿ ಸಾಕಣೆ. ಅಂಗಡಿಯ ಖರೀದಿ ಮಾರಾಟದಲ್ಲಿ ಲೆಕ್ಕ ಬಂತು, ಬ್ಯಾಂಕಿನ ಚೀಟಿ ಬರೆಯುವುದರಲ್ಲಿ ಭಾಷೆ ಬಂತು, ತೋಟದಲ್ಲಿ ವಿಜ್ಞಾನ ಬಂತು. ನಾಲ್ಕಾಣೆ ಕಡಿಮೆ ಬಿದ್ದರೆ ಅದು ಎಲ್ಲಿ ಹೋಯಿತೆಂದು ಮಕ್ಕಳೇ ಹುಡುಕಬೇಕು. ಅಮಾನತ್ ಅಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ತೋರುವುದಿಲ್ಲ. 1926ರಿಂದ ‘ಪಯಾಮೆ ತಾಲೀಮ್’ ಎಂಬ ಮಕ್ಕಳ ಪತ್ರಿಕೆಯೂ ಜಾಮಿಯಾದಿಂದ ಹೊರಡತೊಡಗಿತು.

ಕುಲಪತಿಯವರು ಈ ಮಕ್ಕಳ ನಡುವೆ ಹೇಗಿದ್ದರು ಎಂಬುದಕ್ಕೆ ಒಂದು ಪ್ರಸಂಗವನ್ನು ಬಹಳ ಕಡೆ ಹೇಳುತ್ತಾರೆ. ಬೂಟು ಶುಚಿಯಾಗಿಟ್ಟುಕೊಂಡು ಬರಬೇಕೆಂದು ಎಷ್ಟು ಹೇಳಿದರೂ ಹುಡುಗರು ಕೇಳಲಿಲ್ಲ. ಒಂದು ದಿನ ಝಾಕಿರ್ ಸಾಹೇಬರು ಪಾಲಿಶ್ ಡಬ್ಬಿ, ಬ್ರಷ್ ಹಿಡಿದು ಬಾಗಿಲಲ್ಲೇ ಕುಳಿತರು. ಕೊಳೆ ಬೂಟಿನವರು ಬಂದಂತೆಲ್ಲ ತಾವೇ ಪಾಲಿಶ್ ಮಾಡಿ ಒಳಗೆ ಕಳಿಸಲು ಮುಂದಾದರು. ಮರುದಿನದಿಂದ ಬೂಟುಗಳು ಹೊಳೆಯುತ್ತಿದ್ದವು.

ಇನ್ನೊಂದು ಪ್ರಸಂಗವನ್ನು ಬರೆಯುವಾಗ ಕೈ ತಡೆಯುತ್ತದೆ. ಝಾಕಿರ್ ಸಾಹೇಬರ ಪುಟ್ಟ ಮಗಳು ರೆಹಾನಾಗೆ ಸುಮಾರು ಮೂರು ವರ್ಷ. ಮಗು ಕಾಯಿಲೆ ಬಿದ್ದಿತ್ತು. ಅಂದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಿಠಾಯಿ ಹಂಚುವ ಕಾರ್ಯಕ್ರಮವಿತ್ತು. ಅವರು ಹಂಚುತ್ತಿದ್ದಾಗ ಜವಾನ ಬಂದು ಕಿವಿಯಲ್ಲಿ, ಮಗುವಿನ ಸ್ಥಿತಿ ಕೆಟ್ಟಿದೆ ಎಂದ. ಅವರು ಹಂಚುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ಮಗು ಹೋಯಿತು ಎಂದ. ಮುಖ ಬಿಳಿಚಿತು, ಕೈ ನಿಲ್ಲಲಿಲ್ಲ. ಕೊನೆಯ ಮಗುವಿಗೂ ಕೊಟ್ಟು ಮುಗಿಸುವಷ್ಟರಲ್ಲಿ ಸುದ್ದಿ ಹರಡಿತು. ಆಮೇಲೆ ಯಾರೋ ಕೇಳಿದ್ದಕ್ಕೆ, ಮಕ್ಕಳು ಅಷ್ಟು ಸಂತೋಷವಾಗಿದ್ದರು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂಬ ಅರ್ಥದ ಮಾತಷ್ಟೇ ಹೇಳಿದರು. ಅವರ ಬೇಗಂ ಶಾಹಜಹಾನ್‌ರವರ ಪಾಲಿಗೆ ಆ ದಿನ ಹೇಗಿದ್ದಿರಬಹುದು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಮಹಾಪುರುಷರ ತ್ಯಾಗದ ಕಥೆಗಳಲ್ಲಿ ಮನೆಯೊಳಗಿನವರು ಕೊಟ್ಟದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ತಂದೆ ಆ ಮಗಳನ್ನು ಮರೆಯಲಿಲ್ಲ. ಮಕ್ಕಳಿಗಾಗಿ ಬರೆದ ಕಥೆಗಳನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸದೆ ರುಖಯ್ಯಾ ರೆಹಾನಾ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಉರ್ದು ಮಾಧ್ಯಮದ ಮಕ್ಕಳಿಗೆ ಚಿರಪರಿಚಿತವಾದ ‘ಅಬ್ಬೂ ಖಾನ್ ಕೀ ಬಕ್ರೀ’ ಅಂಥ ಕಥೆ. ಬೆಟ್ಟದ ಗಾಳಿಗಾಗಿ ಹಗ್ಗ ಬಿಟ್ಟು ಹೋದ ಚಾಂದನಿ ಎಂಬ ಮೇಕೆ ತೋಳದೊಂದಿಗೆ ಬೆಳಗಿನವರೆಗೂ ಹೋರಾಡಿ ಸಾಯುತ್ತದೆ. ಪಾಠ ಮುಗಿದ ಮೇಲೆ, ಗೆದ್ದದ್ದು ಯಾರು ಎಂದು ಕೇಳಿ ನೋಡಿ. ತರಗತಿ ಎರಡು ಪಾಲಾಗುತ್ತದೆ.

ಬಾಡಿಗೆ ಮನೆಗಳಲ್ಲಿ ಎಷ್ಟು ದಿನ? ದೆಹಲಿಯ ದಕ್ಷಿಣದ ಹೊರವಲಯದಲ್ಲಿ, ಯಮುನೆಯಿಂದ ಆಗ್ರಾ ಕಾಲುವೆ ಹೊರಡುವ ಕಡೆ, ಓಖ್ಲಾ ಎಂಬ ಹಳ್ಳಿ. ಅಲ್ಲಿ ಜಾಮಿಯಾಕ್ಕೆ ಜಮೀನು ಪಡೆಯಲಾಯಿತು. ಇಂದು ಜನಸಾಗರವಾಗಿರುವ ಆ ಪ್ರದೇಶ ಅಂದು ಹೊಲ, ಬಯಲು. ಅಲ್ಲಿ ಮೊದಲು ಎದ್ದದ್ದು ಪ್ರಾಥಮಿಕ ಶಾಲೆಯ ಕಟ್ಟಡ. 1935ರ ಮಾರ್ಚ್ 1ರಂದು ಅದರ ಶಂಕುಸ್ಥಾಪನೆ ನಡೆಯಿತು. ಹಣವಿಲ್ಲದ ಸಂಸ್ಥೆಗೆ ಇಂಥ ಸಮಾರಂಭ ಒಂದು ಸದವಕಾಶ. ಒಬ್ಬ ನವಾಬರನ್ನೋ ಶ್ರೀಮಂತರನ್ನೋ ಕರೆದರೆ ಒಂದು ಕಟ್ಟಡದ ಖರ್ಚು ಹುಟ್ಟುತ್ತಿತ್ತು. ಝಾಕಿರ್ ಸಾಹೇಬರು ಕಲ್ಲಿಡಿಸಿದ್ದು ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿ ಅಬ್ದುಲ್ ಅಝೀಝ್ ಎಂಬ ಹುಡುಗನ ಕೈಯಿಂದ. ಶಾಲೆ ಯಾರದೋ ಅವರ ಕೈಯಿಂದಲೇ ಅಡಿಗಲ್ಲು. ನಮ್ಮ ಊರುಗಳಲ್ಲಿ ಶಾಲೆಯ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕಾಗಿಯೇ ಸಭೆಗಳು ಮುರಿದದ್ದನ್ನು ಕಂಡವರಿಗೆ ಈ ಸಂಗತಿಯ ಬೆಲೆ ತಿಳಿದೀತು. 1936ರಲ್ಲಿ ಮುದ್ರಣಾಲಯ, ಮಕ್ತಬಾ ಮತ್ತು ಗ್ರಂಥಾಲಯ ಬಿಟ್ಟು ಉಳಿದೆಲ್ಲ ವಿಭಾಗಗಳು ಓಖ್ಲಾಕ್ಕೆ ಬಂದವು. ಅದಕ್ಕೆ ಜಾಮಿಯಾ ನಗರ ಎಂಬ ಹೆಸರಾಯಿತು.

ಈ ಶಾಲೆಯ ಕಥೆ ಗೆರ್ಡಾ ಫಿಲಿಪ್ಸ್‌ಬಾರ್ನ್‌ರವರನ್ನು ಬಿಟ್ಟರೆ ಪೂರ್ತಿಯಾಗದು. ಬರ್ಲಿನ್ನಿನಲ್ಲಿ ಝಾಕಿರ್ ಹುಸೇನ್ ಮತ್ತು ಗೆಳೆಯರಿಗೆ ಪರಿಚಯವಾದ ಯಹೂದಿ ಮಹಿಳೆ ಇವರು. 1930ರ ದಶಕದ ಆರಂಭದಲ್ಲಿ ಜಾಮಿಯಾವನ್ನು ಹುಡುಕಿಕೊಂಡು ಬಂದರು. ಉರ್ದು ಕಲಿತರು, ಚಿಕ್ಕ ಮಕ್ಕಳ ಶಾಲೆಯಲ್ಲೂ ಹಾಸ್ಟೆಲಿನಲ್ಲೂ ದುಡಿದರು. ಮನೆ ಬಿಟ್ಟು ಬಂದ ಮಕ್ಕಳು ಅವರನ್ನು ಆಪಾ ಜಾನ್ ಎಂದು ಕರೆದರು. ಅತ್ತ ಅವರ ದೇಶದಲ್ಲಿ ಹಿಟ್ಲರ್ ಯಹೂದಿಗಳಿಗೆ ಬದುಕುವ ದಾರಿ ಮುಚ್ಚುತ್ತಿದ್ದ. ಇತ್ತ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಪ್ರಜೆ ಎಂದು ಅವರನ್ನೇ ಬಂಧನದಲ್ಲಿಟ್ಟಿತು. ಬಿಡುಗಡೆಯಾಗಿ ಬಂದಾಗ ದೇಹ ಕುಸಿದಿತ್ತು. 1943ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಜಾಮಿಯಾದ ಖಬರಸ್ಥಾನದಲ್ಲೇ ಅವರ ಸಮಾಧಿ ಇದೆ.

ನಾವು ಬಿ.ಎಡ್. ಓದುವಾಗ ವಾರ್ಧಾ ಯೋಜನೆ ಎಂದರೆ ಪರೀಕ್ಷೆಗೆ ಒಂದು ಟಿಪ್ಪಣಿ. ಅದರ ಹಿಂದೆ ಕರೋಲ್‌ಬಾಗ್ ಮತ್ತು ಓಖ್ಲಾದ ಈ ಮಕ್ಕಳ ಅಂಗಡಿಯೂ ತೋಟವೂ ಇವೆ ಎಂದು ಯಾರೂ ಹೇಳಿದ ನೆನಪಿಲ್ಲ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಮಕ್ಕಳು ಕೈಕಸುಬಿನ ಮೂಲಕ ಕಲಿಯಬೇಕು, ಅವರು ತಯಾರಿಸಿದ ವಸ್ತುಗಳಿಂದ ಶಾಲೆಯ ಖರ್ಚು ಹೊರಡಬೇಕು ಎಂಬುದು ಗಾಂಧೀಜಿಯವರ ಪ್ರಸ್ತಾಪ. ದೊಡ್ಡವರ ಆ ಸಭೆಯಲ್ಲಿ ಝಾಕಿರ್ ಹುಸೇನ್‌ರವರು ಎದ್ದು, ಕೆಲಸದ ಮೂಲಕ ಕಲಿಕೆ ಹೊಸ ಮಾತಲ್ಲ ಎಂದರು. ಗಳಿಕೆಗೇ ಒತ್ತು ಕೊಟ್ಟರೆ ಶಿಕ್ಷಕರು ಬಡ ಮಕ್ಕಳಿಂದ ದುಡಿಸಿಕೊಳ್ಳುವ ಯಜಮಾನರಾಗಿಬಿಡುವ ಅಪಾಯವಿದೆ ಎಂದೂ ಎಚ್ಚರಿಸಿದರು. ಗಾಂಧೀಜಿಯವರ ಎದುರಿಗೆ ಗಾಂಧೀಜಿಯವರ ಯೋಜನೆಯನ್ನು ಹೀಗೆ ವಿಮರ್ಶಿಸಲು ಧೈರ್ಯ ಬೇಕು. ವಿಮರ್ಶಿಸಿದವರನ್ನೇ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದ್ದು ಗಾಂಧೀಜಿಯವರ ದೊಡ್ಡತನ. ಡಿಸೆಂಬರ್ ಮೊದಲ ವಾರದಲ್ಲೇ ವರದಿ ಸಿದ್ಧವಾಯಿತು. 7ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ನೂಲುವುದು, ನೇಯುವುದು, ಬಡಗಿ ಕೆಲಸ, ಕೃಷಿ ಮುಂತಾದ ಕಸುಬುಗಳೊಂದಿಗೆ ಪಾಠಗಳ ಜೋಡಣೆ. 1938ರಲ್ಲಿ ಹರಿಪುರ ಕಾಂಗ್ರೆಸ್ ಇದನ್ನು ಒಪ್ಪಿತು. ಅದೇ ವರ್ಷ ಸ್ಥಾಪನೆಯಾದ ಹಿಂದೂಸ್ತಾನಿ ತಾಲೀಮಿ ಸಂಘಕ್ಕೆ ಝಾಕಿರ್ ಸಾಹೇಬರೇ ಅಧ್ಯಕ್ಷರು. ಜಾಮಿಯಾದಲ್ಲಿ ಶಿಕ್ಷಕರ ತರಬೇತಿಗಾಗಿ ಉಸ್ತಾದೋಂ ಕಾ ಮದ್ರಸಾ ತೆರೆಯಿತು. ಮುಂಬಯಿ ಪ್ರಾಂತದ ಕನ್ನಡ ಶಾಲೆಗಳ ಪ್ರಯೋಗಕ್ಕೆ ಧಾರವಾಡ ಕೇಂದ್ರವಾಯಿತು. ನಮ್ಮ ಹಿರಿಯರು ಮೂಲ ಶಿಕ್ಷಣದ ಶಾಲೆ ಎನ್ನುತ್ತಿದ್ದುದು ಇದನ್ನೇ.

ಯೋಜನೆಗೆ ವಿರೋಧವೂ ಬಂತು. ಮುಸ್ಲಿಂ ಲೀಗ್ ಇದನ್ನು ಕಟುವಾಗಿ ಟೀಕಿಸಿತು. ಸ್ವಂತ ಸಮುದಾಯದವರಿಂದಲೇ ಝಾಕಿರ್ ಸಾಹೇಬರು ಬಹಳ ಮಾತು ಕೇಳಬೇಕಾಯಿತು. ಆದರೆ ಯೋಜನೆ ಸೊರಗಿದ್ದು ಟೀಕೆಯಿಂದಲ್ಲ ಎಂದು ನನ್ನ ಅಭಿಪ್ರಾಯ. ಶಾಲೆಗಳು ತಕಲಿಯನ್ನು ತೆಗೆದುಕೊಂಡವು, ಅದರ ಹಿಂದಿನ ವಿಚಾರವನ್ನು ಬಿಟ್ಟವು. ಮಧೋಲಿಯವರಂಥ ಶಿಕ್ಷಕರಿಲ್ಲದ ಕಡೆ ನೂಲುವುದು ಮತ್ತೊಂದು ಪೀರಿಯಡ್ ಆಯಿತು, ಅಷ್ಟೇ.

ಜಾಮಿಯಾದ ರಜತೋತ್ಸವ ಒಂದು ವರ್ಷ ತಡವಾಗಿ, 1946ರ ನವೆಂಬರಿನಲ್ಲಿ ನಡೆಯಿತು. ದೇಶ ಹೊತ್ತಿ ಉರಿಯುತ್ತಿದ್ದ ಆ ದಿನಗಳಲ್ಲಿ ಪಂಡಿತ್ ನೆಹರೂ, ಮೌಲಾನಾ ಆಝಾದ್ ಒಂದೆಡೆ, ಜಿನ್ನಾ, ಲಿಯಾಕತ್ ಅಲಿ ಖಾನ್ ಇನ್ನೊಂದೆಡೆ, ಒಂದೇ ವೇದಿಕೆಯಲ್ಲಿ ಕುಳಿತಿದ್ದರು. ಬಡ ಶಾಲೆಯೊಂದರ ಮೇಷ್ಟರ ಮೇಲಿನ ಗೌರವ ಅವರನ್ನು ಅಲ್ಲಿಗೆ ತಂದಿತ್ತು. ಬೆಂಕಿ ಯಾರು ಹಚ್ಚಿದರೆಂದು ಕೇಳುವ ಹೊತ್ತಲ್ಲ ಇದು, ಮೊದಲು ಆರಿಸಿ, ಈ ಕಾಡುತನದ ನಡುವೆ ನಾವು ಮಕ್ಕಳನ್ನು ಹೇಗೆ ಬೆಳೆಸೋಣ ಎಂಬ ಅರ್ಥದಲ್ಲಿ ಅವರು ನಾಯಕರಲ್ಲಿ ಅಂಗಲಾಚಿದರು. ನಾಯಕರು ಕೇಳಿ ಎದ್ದು ಹೋದರು. 1947ರ ಆಗಸ್ಟಿನಲ್ಲಿ ವಿಶ್ರಾಂತಿಗೆಂದು ಕಾಶ್ಮೀರಕ್ಕೆ ಹೊರಟಿದ್ದ ಝಾಕಿರ್ ಸಾಹೇಬರನ್ನೇ ಜಲಂಧರ್ ನಿಲ್ದಾಣದಲ್ಲಿ ಗಲಭೆಕೋರರು ಸುತ್ತುವರಿದರು. ಸಿಖ್ ಸೇನಾಧಿಕಾರಿ ಒಬ್ಬರು ಮತ್ತು ಹಿಂದೂ ರೈಲ್ವೆ ಅಧಿಕಾರಿ ಒಬ್ಬರು ಗುರುತು ಹಿಡಿದು ಅವರ ಪ್ರಾಣ ಉಳಿಸಿದರು. ಕರೋಲ್‌ಬಾಗಿನಲ್ಲಿದ್ದ ಮಕ್ತಬಾ ಲೂಟಿಯಾಗಿ ಬೂದಿಯಾಯಿತು. ಓಖ್ಲಾದ ಶಾಲೆ ಉಳಿಯಿತು. ಸೆಪ್ಟೆಂಬರಿನಲ್ಲಿ ದೆಹಲಿಗೆ ಬಂದ ಗಾಂಧೀಜಿಯವರು ಜಾಮಿಯಾಕ್ಕೂ ಬಂದು ಅಲ್ಲಿ ಆಶ್ರಯ ಪಡೆದಿದ್ದವರನ್ನು ಕಂಡರು.

ಇಪ್ಪತ್ತು ವರ್ಷದ ಪ್ರತಿಜ್ಞೆ 1948ಕ್ಕೆ ಮುಗಿಯಿತು. ಆ ವರ್ಷವೇ ಅವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಹೋಗಬೇಕಾಯಿತು. ವಿಭಜನೆಯ ನಂತರ ಎಲ್ಲರ ಅನುಮಾನಕ್ಕೆ ಗುರಿಯಾಗಿದ್ದ ಆ ವಿದ್ಯಾಲಯವನ್ನು 1956ರವರೆಗೆ ನಡೆಸಿ ನಿಲ್ಲಿಸಿದರು. ಜಾಮಿಯಾದ ಹೊಣೆಯನ್ನು ಮುಜೀಬ್‌ರವರು ವಹಿಸಿಕೊಂಡು 1973ರವರೆಗೆ ಹೊತ್ತರು. ಮುಂದಿನದು ಎಲ್ಲರಿಗೂ ತಿಳಿದದ್ದೇ. 1957ರಿಂದ ಬಿಹಾರದ ರಾಜ್ಯಪಾಲರು, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಗುಲಾಬಿ ಗಿಡಗಳನ್ನು ಬೆಳೆಸುವುದು, ಬಗೆಬಗೆಯ ಕಲ್ಲುಗಳನ್ನು ಸಂಗ್ರಹಿಸುವುದು ಅವರ ಹವ್ಯಾಸವಾಗಿತ್ತು. ಅವರ ಅಳಿಯ ಖುರ್ಷಿದ್ ಆಲಂ ಖಾನ್‌ರವರು 1991ರಿಂದ 1999ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದುದನ್ನು ಹಿರಿಯ ಓದುಗರು ನೆನೆಯಬಹುದು.

1969ರ ಮೇ 3ರಂದು ಹೃದಯಾಘಾತದಿಂದ ಡಾ. ಝಾಕಿರ್ ಹುಸೇನ್‌ರವರು ನಿಧನರಾದರು. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ರಾಷ್ಟ್ರಪತಿ ಭವನದಿಂದ ಅವರನ್ನು ಕರೆದೊಯ್ದದ್ದು ಓಖ್ಲಾಕ್ಕೆ. ವಾಸ್ತುಶಿಲ್ಪಿ ಹಬೀಬ್ ರಹಮಾನ್‌ರವರು ವಿನ್ಯಾಸ ಮಾಡಿದ ಸರಳ ಗುಮ್ಮಟದ ಕೆಳಗೆ, ಜಾಮಿಯಾದ ಆವರಣದಲ್ಲೇ ಅವರ ಸಮಾಧಿ ಇದೆ. ಜಾಮಿಯಾ 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಇಂಜಿನಿಯರಿಂಗ್, ಕಾನೂನು, ಪತ್ರಿಕೋದ್ಯಮ ಎಲ್ಲ ವಿಭಾಗಗಳೂ ಬಂದವು. ಚಿಕ್ಕ ಮಕ್ಕಳ ಶಾಲೆ ಮಾತ್ರ ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಹಾಗೆಯೇ ಮುಂದುವರಿದಿದೆ. ದುಡಿಯುವ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವ ಅಲ್ಲಿಯ ಶಿಶುಕೇಂದ್ರದ ಹೆಸರು ಗೆರ್ಡಾ ಫಿಲಿಪ್ಸ್‌ಬಾರ್ನ್.